ತಿರುವಿನಲ್ಲೊಂದು ಕೆಮ್ಮು

ಓಚ್ಚಮ್ಮಾಳ್ ಎರಡನೇ ಸಲ ಬಿದ್ದ ದಿನ ಪಾಂಡೀಶ್ವರಿ ವೃದ್ಧರ ಹೋಮಿನ ರಿಜಿಸ್ಟರಿನಲ್ಲಿ ಮೂರು ಸಾಲು ಬರೆದಿದ್ದಳು. ಬಿದ್ದ ಹೊತ್ತು, ಬೆಳಿಗ್ಗೆ ಹತ್ತೂ ಇಪ್ಪತ್ತು. ಪೆಟ್ಟು, ಎಡಗೈ ಮಣಿಕಟ್ಟಿನ ಮೂಳೆ. ಬೀಳುವ ಮೊದಲು ಏನಾಯಿತು ಎಂದು ಕೇಳುವ ಜಾಗದಲ್ಲಿ, ಏನೂ ಆಗಲಿಲ್ಲ. ಹೋದ ತಿಂಗಳು ಮೊದಲ ಸಲ ಬಿದ್ದಾಗಲೂ ಅದನ್ನೇ ಬರೆದಿದ್ದಳು. ಸುಳ್ಳು ಬರೆಯುವ ಜಾಯಮಾನ ಅವಳದಲ್ಲ. ಎರಡು ಸಲವೂ ಹತ್ತು ಹೆಜ್ಜೆ ದೂರದಲ್ಲಿದ್ದಳು, ಕಣ್ಣಾರೆ ಕಂಡಿದ್ದಳು. ಮುದುಕಿ ಕುರ್ಚಿಯಲ್ಲಿ ಕೂತಿದ್ದಳು, ಎದ್ದಳು, ಬಿದ್ದಳು. ನಡುವೆ ಏನೂ ಆಗಿರಲಿಲ್ಲ.

ತಮಿಳುನಾಡಿನ ಉತ್ತಮಪಾಳಯದಿಂದ ಕಂಬಂ ಕಡೆಗೆ ಹೋಗುವ ರಸ್ತೆಯ ಪಕ್ಕ, ಬಾಳೆತೋಟಗಳ ಮಧ್ಯೆ ಇದೆ ಆ ಹೋಮು. ನಡುವೆ ಅಂಗಳ, ಅಂಗಳದ ನಾಲ್ಕು ಕಡೆಗೂ ವರಾಂಡ, ವರಾಂಡಕ್ಕೆ ಬಾಗಿಲು ತೆರೆಯುವ ಕೋಣೆಗಳು, ಅವುಗಳಲ್ಲಿ ನಲವತ್ತೊಂದು ಮಂದಿ ವಯಸ್ಸಾದವರು. ಪಾಂಡೀಶ್ವರಿ ಅಲ್ಲಿ ಒಂಬತ್ತು ವರ್ಷದಿಂದ ಆರೈಕೆಯ ಕೆಲಸ ಮಾಡುತ್ತಿದ್ದಳು. ಮಾತ್ರೆ ಕೊಡುವುದು, ಮೀಯಿಸುವುದು, ತಲೆ ಬಾಚುವುದು, ಬೈಸಿಕೊಳ್ಳುವುದು, ಎಲ್ಲ ಅವಳದೇ. ಮನೆಯಲ್ಲಿ ಅವಳದು ಕನ್ನಡ, ಬೀದಿಗಿಳಿದರೆ ತಮಿಳು. ಆ ಕಣಿವೆಯ ಎಷ್ಟೋ ಬೇಸಾಯದ ಮನೆಗಳಲ್ಲಿ ನೂರಾರು ವರ್ಷದಿಂದ ನಡೆದು ಬಂದಿರುವುದೇ ಹಾಗೆ, ಅದರಲ್ಲಿ ಯಾರಿಗೂ ಬೆರಗಿಲ್ಲ. ಹೋಮಿನಲ್ಲಿ ಅವಳ ಮನೆಮಾತು ಆಡುವವರು ಇಬ್ಬರೇ, ಇಬ್ಬರೂ ಹತ್ತಿರದ ತೇವಾರಂ ಊರಿನವರು. ಒಬ್ಬಳು ಎಂಬತ್ತೆರಡರ ಓಚ್ಚಮ್ಮಾಳ್. ಇನ್ನೊಬ್ಬರು ಮೂರು ತಿಂಗಳ ಹಿಂದೆ, ಚಿತ್ತಿರೈ ತಿಂಗಳಲ್ಲಿ ಬಂದು ಸೇರಿದ ಪೆರಿಯಣ್ಣನ್, ಎಂಬತ್ತೇಳು ವರ್ಷದವರು, ಓಚ್ಚಮ್ಮಾಳಿನ ಗಂಡನ ಸ್ವಂತ ಅಣ್ಣ. ಗಂಡ ಹೋಗಿ ಹತ್ತು ವರ್ಷವಾಗಿತ್ತು. ಕುಟುಂಬದವರು ಒಬ್ಬರಾದರೂ ಜೊತೆಗಿದ್ದಾರಲ್ಲ ಎಂದು ಪೆರಿಯಣ್ಣನ್ ಬಂದ ದಿನ ಪಾಂಡೀಶ್ವರಿಗೆ ಒಳಗೊಳಗೇ ಖುಷಿಯಾಗಿತ್ತು.

ಹೋಮನ್ನು ನೋಡಿಕೊಳ್ಳುವ ಜೆಯಲಕ್ಷ್ಮಿ ಸಿಸ್ಟರ್ ಪೆರಿಯಕುಳದ ಕಡೆಯವರು, ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರು. ಕೆಟ್ಟವರಲ್ಲ. ಯಾರ ಬೆನ್ನಲ್ಲೂ ಹುಣ್ಣಾಗಲು ಬಿಟ್ಟವರಲ್ಲ. ಆದರೆ ಕಟ್ಟಳೆ ಎಂದರೆ ಕಟ್ಟಳೆ. ಆಷಾಢದ ಸುಮಾರಿಗೆ ಬರುವ ಆಡಿ ತಿಂಗಳ ಒಂದು ಗುರುವಾರ ಸಂಜೆ ಪಾಂಡೀಶ್ವರಿಯನ್ನು ಆಫೀಸಿಗೆ ಕರೆದು, ರಿಜಿಸ್ಟರ್ ತೆರೆದು ಮುಂದಿಟ್ಟರು. ಮೂರನೇ ಸಲ ಬಿದ್ದವರನ್ನು ಹಿಂದಿನ ವಾರ್ಡಿಗೆ ಹಾಕಬೇಕು, ಗೊತ್ತಲ್ಲವೇ ಎಂದರು. ಪಾಂಡೀಶ್ವರಿಗೆ ಗೊತ್ತಿತ್ತು. ಅಲ್ಲಿ ಮಂಚಕ್ಕೆ ಎರಡು ಕಡೆಯೂ ಕಂಬಿ. ಆ ವಾರ್ಡಿಗೆ ನಡೆದುಕೊಂಡು ಹೋದವರು ನಡೆದುಕೊಂಡು ಹೊರಗೆ ಬಂದದ್ದನ್ನು ಈ ಒಂಬತ್ತು ವರ್ಷದಲ್ಲಿ ಅವಳು ಒಮ್ಮೆಯೂ ಕಂಡಿರಲಿಲ್ಲ.

ಅದು ಬೇಡ ಎಂದಾದರೆ ಸೋಮವಾರದಿಂದ ಮುದುಕಿಗೆ ಕುರ್ಚಿಯಲ್ಲಿ ಬೆಲ್ಟು ಕಟ್ಟಬೇಕು ಎಂದರು ಸಿಸ್ಟರ್. ಮೇಜಿನ ಮೇಲೆ ಅದಾಗಲೇ ಇತ್ತು, ನೀಲಿ ಬಟ್ಟೆಯ ಅಗಲದ ಬೆಲ್ಟು, ಹಿಂದೆ ಬಕಲು. ಕೂತವರಿಗೆ ಕೈ ಎಟುಕದ ಹಾಗೆ ಬಕಲನ್ನು ಬೆನ್ನ ಹಿಂದೆ ಇಟ್ಟ ಜಾಣ ಯಾರೋ, ಅವನನ್ನು ಒಂದು ದಿನ ಅದರಲ್ಲಿ ಕೂರಿಸಿದ್ದರೆ ಚೆನ್ನಾಗಿತ್ತು.

ಆಮೇಲೆ ಸಿಸ್ಟರ್ ಇನ್ನೊಂದು ಪುಟ ತಿರುಗಿಸಿದರು. ಬೇರೆ ಆಯಾಗಳ ಪಾಳಿಯಲ್ಲಿ ಓಚ್ಚಮ್ಮಾಳಿನ ಹೆಸರಿನ ಮುಂದೆ ದಿನವೂ ಒಂದೇ ಮಾತಿತ್ತು: ಚಡಪಡಿಕೆ, ಸುಮ್ಮಸುಮ್ಮನೆ ಎದ್ದು ಕೂರುತ್ತಾಳೆ, ಆರು ಸಲ, ಹನ್ನೆರಡು ಸಲ. ಅದನ್ನು ಓದಿಯೇ ಡಾಕ್ಟರು ಚಡಪಡಿಕೆಗೆ ಅರ್ಧ ಮಾತ್ರೆ ಬರೆದದ್ದು. ಮಾತ್ರೆ ನುಂಗಿದ ಮುದುಕಿ ತೂಕಡಿಸಿಕೊಂಡೇ ಎದ್ದು ಕೂರತೊಡಗಿದ್ದಳು, ಅದೊಂದೇ ವ್ಯತ್ಯಾಸ. ಪಾಂಡೀಶ್ವರಿಯ ಪಾಳಿಯಲ್ಲಿ ಮಾತ್ರ ಚಡಪಡಿಕೆ ಎಂಬುದು ಒಂದು ಸಲವೂ ಇರಲಿಲ್ಲ. ಬೇರೆಯವರಿಗೆ ಕಾಣುವುದು ನಿನಗೆ ಯಾಕೆ ಕಾಣುವುದಿಲ್ಲ, ನೀನು ಆಕೆಯನ್ನು ನೋಡುತ್ತೀಯೋ ಇಲ್ಲವೋ ಎಂದು ಸಿಸ್ಟರ್ ಕೇಳಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಪಾಂಡೀಶ್ವರಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಬೀಳುವ ಮೊದಲು ಏನಾಯಿತು, ನೆನಪು ಮಾಡಿಕೊಂಡು ಹೇಳು ಎಂದರು. ಅವಳು ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಗಾಳಿ ಬೀಸುತ್ತಿತ್ತು. ಮುದುಕಿ ಅಂಗಳ ನೋಡುತ್ತ ಕೂತಿದ್ದಳು. ಪೆರಿಯಣ್ಣನ್ ತಾತ ದಿನದ ಹಾಗೆ ವರಾಂಡದಲ್ಲಿ ನಡೆಯುತ್ತಿದ್ದರು. ಮುದುಕಿ ಬಿದ್ದಾಗ ಯಾರಾದರೂ ಬನ್ನಿ ಎಂದು ಕೂಗಿದವರೂ ಅವರೇ. ತಾನು ಓಡಿಹೋಗಿ ಎತ್ತಿದೆ. ಅಷ್ಟೇ. ಏನೂ ಆಗಲಿಲ್ಲ ಸಿಸ್ಟರಮ್ಮಾ ಎಂದಳು. ಸಿಸ್ಟರ್ ನಿಟ್ಟುಸಿರು ಬಿಟ್ಟು, ಸೋಮವಾರದವರೆಗೆ ಕಾಯುತ್ತೇನೆ, ಕಾರಣ ಹುಡುಕಿ ತಂದರೆ ಬೆಲ್ಟು ಬೇಡ ಎಂದರು.

ಮಾರನೇ ದಿನ ಶುಕ್ರವಾರ. ಹತ್ತು ಗಂಟೆಗೆ ಪಾಂಡೀಶ್ವರಿ ಓಚ್ಚಮ್ಮಾಳಿನ ಕುರ್ಚಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಪ್ಲಾಸ್ಟರು ಹಾಕದ ಬಲಗೈಯನ್ನು ಮಡಿಲಿಗೆ ಎಳೆದುಕೊಂಡು ಉಗುರು ಕತ್ತರಿಸುತ್ತಿದ್ದಳು. ಕಣ್ಣು ಮಿಟುಕಿಸದೆ ಇವತ್ತು ನೋಡಿಯೇ ತೀರುತ್ತೇನೆ ಎಂದು ಹಟ ಹಿಡಿದು ಬಂದಿದ್ದಳು. ಆ ಕುರ್ಚಿ ಇದ್ದದ್ದು ವರಾಂಡದ ತಿರುವಿಗೆ ಅಂಟಿಕೊಂಡೇ. ಅಲ್ಲಿಂದ ಅಂಗಳವೂ ಕಾಣುತ್ತದೆ, ಗೇಟಿನಾಚೆ ಕಂಬಂ ಬಸ್ಸುಗಳೂ ಕಾಣುತ್ತವೆ. ಬೇರೆ ಎಲ್ಲಿ ಕೂರಿಸಿದರೂ ಮುದುಕಿಗೆ ಸೇರದು. ಮೂರು ಬೆರಳು ಮುಗಿದಿದ್ದವು. ಇದ್ದಕ್ಕಿದ್ದಂತೆ ಉಗುರು ಕತ್ತರಿ ನೆಲಕ್ಕೆ ಬಿದ್ದು ಟಣ್ಣೆಂದಿತು.

ಎಲ್ಲಿ ಬಿತ್ತು ಎಂದು ಪಾಂಡೀಶ್ವರಿ ಕೆಳಗೆ ನೋಡಿದಳು. ಕತ್ತರಿ ತುಂಬ ಕೆಳಗಿತ್ತು. ಮಡಿಲಿನಿಂದ ಜಾರಿದ ಕತ್ತರಿ ಇಷ್ಟು ದೂರ ಹೇಗೆ ಹೋಯಿತು ಎಂದುಕೊಳ್ಳುವಾಗ, ತನಗೆ ಮಡಿಲೇ ಇಲ್ಲ ಎಂಬುದು ತಿಳಿಯಿತು. ಅವಳು ನಿಂತಿದ್ದಳು. ಪಕ್ಕದಲ್ಲಿ ಓಚ್ಚಮ್ಮಾಳೂ ನಿಂತಿದ್ದಳು, ಒಂದು ಕೈಯಲ್ಲಿ ಗಾಳಿಯನ್ನೇ ಹಿಡಿದುಕೊಂಡು, ಮೊಣಕಾಲು ನಡುಗಿಸುತ್ತ. ಅವರಿಬ್ಬರ ಮುಂದೆ, ತಿರುವು ದಾಟಿ, ಬಿಳಿ ಪಂಚೆಯ ಪೆರಿಯಣ್ಣನ್ ತಲೆ ತಗ್ಗಿಸಿಕೊಂಡು ನಡೆದುಹೋಗುತ್ತಿದ್ದರು. ಅವರು ಆಚೆ ಹೋದ ಮೇಲೆ ಮುದುಕಿ ಧೊಪ್ಪನೆ ಕುರ್ಚಿಗೆ ಕುಸಿದಳು. ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿದಿದ್ದರೆ ಮೂರನೇ ಸಲ ಆಗಿಹೋಗುತ್ತಿತ್ತು.

ಓಚ್ಚಮ್ಮಾಳ್ ಸೊಸೆಯಾಗಿ ಹೊಕ್ಕ ಮನೆಯಲ್ಲಿ ಗಂಡನ ಅಣ್ಣ ಎಂದರೆ ಮಾವನಿಗೆ ಸಮ. ಬಾವ ಎದುರಿಗೆ ಬಂದರೆ ತಮ್ಮನ ಹೆಂಡತಿ ಕೂತಿರಬಾರದು, ಮಾತಾಡಬಾರದು, ಹೆಸರು ಎತ್ತಬಾರದು. ಹೇಳಲೇಬೇಕಾದದ್ದಿದ್ದರೆ ಕಂಬಕ್ಕೋ ಕರುವಿಗೋ ಹೇಳಿದ ಹಾಗೆ ಹೇಳಬೇಕು. ಒಂದೇ ಅಂಗಳದಲ್ಲಿ ಅರವತ್ತು ವರ್ಷ ಬದುಕಿ ಆ ಇಬ್ಬರೂ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಪಾಂಡೀಶ್ವರಿಯೂ ಅಂಥದೇ ಮನೆಯಲ್ಲಿ ಬೆಳೆದವಳು. ಊರಿನ ಹಿರಿಯರು ಬೀದಿಯಲ್ಲಿ ಬಂದರೆ ಜಗಲಿಯ ಮೇಲಿನ ಹೆಂಗಸರ ಜೊತೆ ತಾನೂ ಎದ್ದು ನಿಂತು ನಿಂತೇ ದೊಡ್ಡವಳಾದವಳು. ಉಸಿರಾಡಿದ್ದನ್ನು ಯಾರು ರಿಜಿಸ್ಟರಿನಲ್ಲಿ ಬರೆಯುತ್ತಾರೆ? ತಾತ ಬೆಳಿಗ್ಗೆ ಆರು ಸುತ್ತು, ಸಂಜೆ ಆರು ಸುತ್ತು ನಡೆಯುತ್ತಿದ್ದರು. ಹನ್ನೆರಡು ಸಲವೂ ಓಚ್ಚಮ್ಮಾಳ್ ಎದ್ದಿದ್ದಳು. ತನ್ನ ಪಾಳಿಯಲ್ಲಿ ಪಾಂಡೀಶ್ವರಿಯೂ ಕೈಯ ಕೆಲಸ ಬಿಟ್ಟು ಎದ್ದಿದ್ದಳು, ಆಮೇಲೆ ಏನೂ ಆಗಲಿಲ್ಲ ಎಂದು ಬರೆದಿದ್ದಳು. ಅವಳಿಗೆ ನಗು ಬಂತು, ಹಿಂದೆಯೇ ನಾಚಿಕೆ ಬಂತು.

ತಗ್ಗಿದ ದನಿಯಲ್ಲಿ ಮುದುಕಿಯನ್ನು ಕೇಳಿದಳು. "ಅವ್ವಾ, ಬಾವನೋರು ಬಂದಾಗೆಲ್ಲಾ ಏಳ್ತೀರ ತಾನೆ?"

"ಏಳ್ದೆ ಮತ್ತೆ? ಕುಂತಿರಾದಾ?"

"ಏಳಕ್ಕೋಗಿ ತಾನೆ ಅವ್ವಾ ಬಿದ್ದುದ್ದು."

"ಬಿದ್ದುದ್ದು ಕಾಲು," ಎಂದಳು ಓಚ್ಚಮ್ಮಾಳ್. "ಎದ್ದುದ್ದು ನಾನು. ಕತ್ರಿ ಎತ್ಕ, ಇನ್ನೆಲ್ಡು ಬೆಳ್ಳು ಐತೆ."

ಕಾರಣವೇನೋ ಸಿಕ್ಕಿತು. ಇದಕ್ಕೆ ಮದ್ದು ಸುಲಭ ಎಂದು ಪಾಂಡೀಶ್ವರಿ ಅಂದುಕೊಂಡಳು, ಅಲ್ಲೇ ಎಡವಿದಳು. ಮಧ್ಯಾಹ್ನ ತಾತನ ಕೋಣೆಗೆ ಬಿ.ಪಿ. ನೋಡಲು ಹೋದಾಗ, ತೋಳಿಗೆ ಪಟ್ಟಿ ಸುತ್ತುತ್ತ, ಮುಖ ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳಿದ ಹಾಗೆ ಎಲ್ಲ ಹೇಳಿದಳು. ಅವರು ನಡೆಯಲಿ, ತಪ್ಪಿಲ್ಲ, ಆದರೆ ಆ ತಿರುವಿನ ಕಡೆ ಬರದಿದ್ದರೆ ಚೆನ್ನಾಗಿತ್ತು ಎಂದಳು. ಪೆರಿಯಣ್ಣನ್ ಪಟ್ಟಿ ಸುತ್ತಿದ ತೋಳನ್ನೇ ನೋಡುತ್ತ ಕೂತರು. ಎದುರಿಗಿರುವವರು ನಿಂತಿರುವುದನ್ನೇ ನೋಡಿ ಅಭ್ಯಾಸವಾದ ಕಣ್ಣಿಗೆ ಅವರು ಏಳುವುದು ಕಾಣುವುದಿಲ್ಲ. ಆ ಮನುಷ್ಯ ಅರವತ್ತು ವರ್ಷದಲ್ಲಿ ತಮ್ಮನ ಹೆಂಡತಿ ಏಳುವುದನ್ನು ನೋಡಿದವರೇ ಅಲ್ಲ. ಬಿದ್ದ ದಿನವೂ ಮೈ ಮುಟ್ಟುವ ಹಾಗಿಲ್ಲ ಎಂದು ಗೋಡೆಗೆ ಮುಖ ತಿರುಗಿಸಿ ನಿಂತು ಕೂಗಿದ್ದರು.

"ಯಾವ್ ಕೈ?" ಎಂದು ಕೊನೆಗೆ ಕೇಳಿದರು.

"ಎಡಗೈ, ತಾತಾ."

ಅವರು ತಮ್ಮ ಎಡಗೈಯನ್ನು ಬಲಗೈಯಿಂದ ಒಂದು ಸಲ ಸವರಿಕೊಂಡರು. ಬಿ.ಪಿ. ಆ ದಿನ ಹೆಚ್ಚೇ ಇತ್ತು.

ಅಂದು ಸಂಜೆ ಅವರು ನಡೆಯಲು ಬರಲಿಲ್ಲ. ಶನಿವಾರವೂ ಇಲ್ಲ. ಊಟಕ್ಕೂ ಹೊರಬರದೆ ತಟ್ಟೆಯನ್ನು ಕೋಣೆಗೇ ತರಿಸಿಕೊಂಡರು. ಭಾನುವಾರ ಬೆಳಿಗ್ಗೆ ಪಾಂಡೀಶ್ವರಿ ನೋಡಿದಾಗ ಎರಡು ಪಾದವೂ ಊದಿಕೊಂಡಿದ್ದವು, ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಿತ್ತು. ಕೂತೇ ಇರಬಾರದು, ದಿನಕ್ಕೆರಡು ಹೊತ್ತು ನಡೆಯಲೇಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ತೋಟದ ದಾರಿಯಲ್ಲಿ ನಡೆಸೋಣವೆಂದರೆ ಅಲ್ಲಿ ಎಲ್ಲ ಎಡವುಗಲ್ಲು. ಇರುವುದು ವರಾಂಡ ಒಂದೇ, ಅದು ಹೇಗೆ ಸುತ್ತಿದರೂ ಮುದುಕಿಯ ಮುಂದೆಯೇ ಬರುತ್ತದೆ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರನ್ನು ಕೆಡವಿದೆನಲ್ಲ ಎಂದು ಪಾಂಡೀಶ್ವರಿ ತನ್ನನ್ನೇ ಬೈದುಕೊಂಡಳು.

ಓಚ್ಚಮ್ಮಾಳಿಗೂ ಲೆಕ್ಕ ತಪ್ಪಿರಲಿಲ್ಲ. ಭಾನುವಾರ ಹತ್ತು ಗಂಟೆ ಕಳೆದ ಮೇಲೆ ಅಂಗಳದ ತುಳಸಿಯನ್ನು ನೋಡುತ್ತ, ಮೂರು ದಿನದಿಂದ ನಡಿಗೆ ಇಲ್ಲ, ಮೈಯಲ್ಲಿ ಸೌಖ್ಯವಿಲ್ಲವೋ ಏನೋ ಎಂದಳು. ಯಾರ ನಡಿಗೆ ಎಂದು ಹೇಳಲಿಲ್ಲ. ಪಾಂಡೀಶ್ವರಿಗೆ ಮುಚ್ಚಿಡಲು ಆಗಲಿಲ್ಲ. ತಾನೇ ಹೋಗಿ ಹೇಳಿದ್ದನ್ನು ಒಪ್ಪಿಕೊಂಡಳು. ಮುದುಕಿಯ ಮುಖ ಕೆಂಪಾಯಿತು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ಹೋಮಿನಲ್ಲಿ ಯಾರೂ ಕಂಡಿರಲಿಲ್ಲ.

"ಯಾರ್ ಕೇಳಿದ್ರು ನಿನ್ನ?" ಎಂದಳು. "ನಾನ್ ಎದ್ದು ಬಿದ್ದೆ ಅಂತ ಮನೆಗೆ ದೊಡ್ಡೋರ್ತಾವ ಹೋಗಿ ಹೇಳ್ತೀಯಾ? ನಾನ್ ಚಾಡಿ ಹೇಳ್ಸಿದೆ ಅಂತ ತಾನೆ ಅವ್ರು ಅನ್ಕಳಾದು. ನಡೀಲಿ ಅವ್ರು. ನಾನ್ ನಿಲ್ತೀನಿ."

ಪಾಂಡೀಶ್ವರಿ ಮುದುಕಿಯ ಪಾದದ ಬಳಿ ಕೂತಳು. ನಾಳೆಯಿಂದ ಬೆಲ್ಟು ಎಂಬುದನ್ನೂ ಹೇಳಿಬಿಟ್ಟಳು. ಬಾವನೆದುರು ಕುರ್ಚಿಗೆ ಕಟ್ಟಿಹಾಕಿಸಿಕೊಂಡು ಕೂರುವುದು! ಮುದುಕಿಯ ಸಿಟ್ಟು ಎಲ್ಲಿ ಹೋಯಿತೋ, ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ತನಗೇ ಹೇಳಿಕೊಂಡಂತೆ ಹೇಳಿದಳು.

"ಮೊದ್ಲೆಲ್ಲಾ ನಾನೇನು ಬಿದ್ನಾ? ಬಾಗ್ಲಾಗೆ ನಿಂತು ಒಂದು ಕೆಮ್ಮು ಕೆಮ್ಮೋರು. ಚಪ್ಲಿ ಸದ್ದೂ ಕೇಳೋದು, ಕಿರ್ರು ಕಿರ್ರು ಅಂತ. ನಾನು ಒಲೆ ಮುಂದ್ಲಿಂದ ಮೆಲ್ಲಕೆ ಎದ್ದು, ಸೆರಗು ಸರಿ ಮಾಡ್ಕಂಡು ನಿಲ್ಲೋಗಂಟ ಒಳಕ್ಕೆ ಬರ್ತಿರ್ಲಿಲ್ಲ. ಇಲ್ಲಿ ಬಂದ್ಮೇಲೆ ಬೆಕ್ಕಿನಂಗೆ ಬಂದು ನಿಂತ್ಬಿಡ್ತಾರೆ, ಮಗಾ. ನಾನೇನ್ ಮಾಡ್ಲಿ?"

ಪಾಂಡೀಶ್ವರಿ ತಲೆಯೆತ್ತಿದಳು. ಆ ಚಪ್ಪಲಿಯನ್ನು ಕಿತ್ತು ಕಪಾಟಿಗೆ ಹಾಕಿದವಳು ಅವಳೇ. ಒಳಗೆ ತೊಗಲಿನ ಚಪ್ಪಲಿ ಜಾರುತ್ತದೆ ಎಂದು ಹೋಮಿನವರು ಎಲ್ಲರಿಗೂ ಮೆತ್ತನೆಯ ರಬ್ಬರಿನದು ಕೊಟ್ಟಿದ್ದರು. ಕೆಮ್ಮಿನ ಕಥೆಯೂ ಅವಳಿಗೆ ಗೊತ್ತಿದ್ದದ್ದೇ. ಕರೋನಾ ಕಾಲದಲ್ಲಿ ಮಾಡಿದ ಕಟ್ಟಳೆಯನ್ನು ಯಾರೂ ಎತ್ತಿರಲಿಲ್ಲ: ಯಾರೇ ಕೆಮ್ಮಿದರೂ ಐದು ದಿನ ಹಿತ್ತಿಲಿನ ಒಂಟಿ ಕೋಣೆ. ಪೆರಿಯಣ್ಣನ್ ಬಂದ ಎರಡನೇ ದಿನವೇ ತಿರುವಿನಲ್ಲಿ ನಿಂತು, ಅರವತ್ತು ವರ್ಷ ಮಾಡಿದ ಹಾಗೇ, ಮರ್ಯಾದೆಯಿಂದ ಗಂಟಲು ಸರಿಪಡಿಸಿಕೊಂಡಿದ್ದರು. ಮಾಸ್ಕು ಹಾಕಿಕೊಂಡ ಆಯಾ ಒಬ್ಬಳು ಅವರನ್ನು ನೇರ ಹಿತ್ತಿಲಿಗೆ ಕರೆದೊಯ್ದಿದ್ದಳು. ಆ ಐದು ದಿನ ಕಿಟಕಿಯಲ್ಲಿ ತಟ್ಟೆ ಕೊಟ್ಟವಳು ಪಾಂಡೀಶ್ವರಿ. ಅಂದಿನಿಂದ ತಾತ ಕೆಮ್ಮನ್ನು ನುಂಗಿಕೊಂಡೇ ಓಡಾಡುತ್ತಿದ್ದರು. ಜಾರಬಾರದು ಎಂದು ಒಂದು ಸದ್ದು ಕಿತ್ತುಕೊಂಡರು, ರೋಗ ಬರಬಾರದು ಎಂದು ಇನ್ನೊಂದು ಸದ್ದು ಕಿತ್ತುಕೊಂಡರು. ಎಲ್ಲ ಒಳ್ಳೆಯದಕ್ಕೇ ಮಾಡಿದ್ದು. ಆ ಒಳ್ಳೆಯತನದಲ್ಲಿ ಮುದುಕಿಯ ಕೈ ಮುರಿಯಿತು.

ಸಂಜೆ ಅವಳು ಸಿಸ್ಟರ್ ಮುಂದೆ ಹೋಗಿ ನಿಂತು, ರಿಜಿಸ್ಟರಿನಲ್ಲಿ ಎರಡು ಸಲವೂ ತಪ್ಪು ಬರೆದಿದ್ದೇನೆ ಎಂದಳು. ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಬಂದಿದ್ದಳು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಎರಡು ವಸ್ತು ಕೇಳಿದಳು: ಕುರ್ಚಿಯ ಬಲಗಡೆ ಗೋಡೆಗೆ, ಬಚ್ಚಲಲ್ಲಿ ಹಾಕುತ್ತಾರಲ್ಲ, ಅಂಥ ಒಂದು ಕಂಬಿ. ಮತ್ತು ಪೆರಿಯಣ್ಣನ್ ತಾತನಿಗೆ ಸುತ್ತಿಗೊಂದು ಕೆಮ್ಮು.

ಸಿಸ್ಟರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಕೆಮ್ಮಿಗೆ ಔಷಧಿ ಕೇಳಿದವರುಂಟು, ಕೆಮ್ಮನ್ನೇ ಕೇಳಿದವಳು ನೀನೇ ಮೊದಲು ಎಂದರು. ಆಕೆ ಏಳುವುದನ್ನು ನಿಲ್ಲಿಸಲಾಗುವುದಿಲ್ಲವೇ ಎಂದು ಕೇಳಿದರು. ಪಾಂಡೀಶ್ವರಿ ಯೋಚಿಸಿ ಉತ್ತರ ಕೊಟ್ಟಳು. ನಿಲ್ಲಿಸಬಹುದು, ಬೆಲ್ಟು ಕಟ್ಟಿದರೆ ನಿಲ್ಲುತ್ತದೆ, ಆದರೆ ಆಮೇಲೆ ಆ ಕುರ್ಚಿಯಲ್ಲಿ ಕೂತಿರುವುದು ಓಚ್ಚಮ್ಮಾಳ್ ಆಗಿರುವುದಿಲ್ಲ ಎಂದಳು. ಸಿಸ್ಟರ್ ಓಚ್ಚಮ್ಮಾಳಿನ ಫೈಲು ಎಳೆದುಕೊಂಡರು. ಬುಧವಾರಗಳಲ್ಲಿ ವ್ಯಾಯಾಮ ಹೇಳಿಕೊಡಲು ಬರುವ ಕಾರ್ತಿಕಾಳ ಚೀಟಿ ಫೈಲಿನಲ್ಲಿತ್ತು, ಅದನ್ನು ತೆಗೆದು ಓದಿದರು. ತೊಡೆಗೆ ಬಲ ಬರಲು ದಿನಕ್ಕೆ ಹತ್ತು ಸಲವಾದರೂ ಆಸರೆ ಹಿಡಿದು ಎದ್ದು ಕೂರಬೇಕು, ಮುದುಕಿ ಒಪ್ಪುತ್ತಿಲ್ಲ ಎಂದಿತ್ತು. ಸಿಸ್ಟರ್ ಅದನ್ನು ಎರಡು ಸಲ ಓದಿ, ಅರ್ಧ ಮಾತ್ರೆಯ ವಿಷಯ ಡಾಕ್ಟರ ಹತ್ತಿರ ಮಾತಾಡುತ್ತೇನೆ ಎಂದರು. ನಾಳೆ ನಾನೇ ನೋಡುತ್ತೇನೆ, ಸರಿಹೋಗದಿದ್ದರೆ ಬೆಲ್ಟೇ ಎಂದೂ ಸೇರಿಸಿದರು.

ಸೋಮವಾರ ಎಂಟು ಗಂಟೆಗೇ ರಿಪೇರಿ ಕೆಲಸದ ತಂಗರಾಜ್ ಬಂದು ಗೋಡೆ ಕೊರೆದು ಸ್ಟೀಲಿನ ಕಂಬಿ ಕೂರಿಸಿದ. ಪಾಂಡೀಶ್ವರಿ ಅದಕ್ಕೆ ಎರಡು ಕೈಯಲ್ಲಿ ಜೋತುಬಿದ್ದು ನೋಡಿದಳು. ತಾತನಿಗೆ ಹೇಳುವುದೇ ಕಷ್ಟವಾಯಿತು. ಅವರು ಮೊದಲು ಒಪ್ಪಲಿಲ್ಲ. ಓಚ್ಚಮ್ಮಾಳ್ ಅವ್ವ ನಿಲ್ಲುತ್ತೇನೆ ಎಂದಿದ್ದಾರೆ, ನೀವು ಬರದಿದ್ದರೆ ಅವರಿಗೆ ಅದೇ ದೊಡ್ಡ ಅವಮಾನ ಎಂದ ಮೇಲೆ ಗೋಡೆ ಹಿಡಿದು ಎದ್ದರು.

ಹತ್ತು ಗಂಟೆಗೆ ಸಿಸ್ಟರ್ ಬಂದು ಅಂಗಳದ ಕಟ್ಟೆಯ ಮೇಲೆ ಕೂತರು. ತೊಡೆಯ ಮೇಲೆ ನೀಲಿ ಬೆಲ್ಟು ಇತ್ತು. ಅಲ್ಲಿಂದ ಅವರಿಗೆ ವರಾಂಡದ ಎರಡು ಬದಿಯೂ ಕಾಣುತ್ತಿತ್ತು. ಆಡಿಯ ಗಾಳಿ ಬೆಟ್ಟದ ಕಡೆಯಿಂದ ಬೀಸಿ ಬಾಗಿಲುಗಳನ್ನು ಅಲುಗಿಸುತ್ತಿತ್ತು. ಓಚ್ಚಮ್ಮಾಳ್ ಹೊಸ ಕಂಬಿಯನ್ನು ಓರೆಗಣ್ಣಲ್ಲಿ ನೋಡುತ್ತ ಕೂತಿದ್ದಳು. ಪಾಂಡೀಶ್ವರಿ ಕುರ್ಚಿಯ ಪಕ್ಕ ನಿಂತಿದ್ದಳು, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಆದರೆ ಮುಟ್ಟದೆ.

ತಿರುವಿನಾಚೆಯಿಂದ ಕೆಮ್ಮು ಕೇಳಿಸಿತು. ಸಣ್ಣದು, ಮೂರು ತಿಂಗಳು ನುಂಗಿಟ್ಟದ್ದು.

ಓಚ್ಚಮ್ಮಾಳಿನ ಬಲಗೈ ಕಂಬಿಗೆ ಹೋಯಿತು. ಬೆರಳು ಒಂದೊಂದಾಗಿ ಸುತ್ತಿಕೊಂಡವು. ಮುಂದಕ್ಕೆ ಬಾಗಿದಳು, ಕಾಲು ಊರಿದಳು, ಅವಸರವಿಲ್ಲದೆ ಎದ್ದಳು. ಪ್ಲಾಸ್ಟರಿನ ಕೈಯಿಂದಲೇ ಸೆರಗನ್ನು ಹೆಗಲಿಗೆ ದೂಡಿಕೊಂಡು ನೆಟ್ಟಗೆ ನಿಂತಳು. ಮೊಣಕಾಲು ನಡುಗಲಿಲ್ಲ. ಪಾಂಡೀಶ್ವರಿ ಉಸಿರು ಬಿಟ್ಟಳು.

ಆದರೆ ತಾತ ಬರಲಿಲ್ಲ.

ಸಿಸ್ಟರಿಗೆ ಕಟ್ಟೆಯಿಂದ ಇಬ್ಬರೂ ಕಾಣುತ್ತಿದ್ದರು. ತಿರುವಿನ ಆ ಬದಿ ಪೆರಿಯಣ್ಣನ್ ಊದಿದ ಕಾಲಿನ ಮೇಲೆ, ಗೋಡೆಗೆ ಕೈ ಕೊಟ್ಟು, ತಲೆ ತಗ್ಗಿಸಿ ನಿಂತಿದ್ದರು. ಅವಳು ಎದ್ದಿದ್ದಾಳೋ, ಇನ್ನೂ ಏಳುತ್ತಿದ್ದಾಳೋ, ಅವರಿಗೆ ತಿಳಿಯುವ ಬಗೆಯಿಲ್ಲ. ಇಣುಕಿ ನೋಡುವುದು ಮರ್ಯಾದೆಯಲ್ಲ. ಇನ್ನೊಂದು ಕೈ ಮುರಿಯುವುದಕ್ಕಿಂತ ಕಾಯುವುದೇ ಮೇಲು ಎಂದು ಕಾಯುತ್ತಿದ್ದರು. ಈ ಬದಿ ಓಚ್ಚಮ್ಮಾಳ್ ಕಂಬಿ ಹಿಡಿದು, ಬಾವ ಈಗ ಬಂದಾರು, ಈಗ ಬಂದಾರು ಎಂದು ಕಾಯುತ್ತಿದ್ದಳು. ಎರಡು ಮುದಿ ಜೀವ, ಒಂದು ಗೋಡೆಯ ಎರಡು ಕಡೆ, ಒಬ್ಬರಿಗೋಸ್ಕರ ಒಬ್ಬರು ನೋಯುವ ಕಾಲಿನ ಮೇಲೆ ನಿಂತಿದ್ದರು. ಹೋಗಿ ಹೇಳಿ ಬರಲೇ ಎಂದು ಪಾಂಡೀಶ್ವರಿ ಒಂದು ಹೆಜ್ಜೆ ಎತ್ತಿದಳು.

ಅಷ್ಟರಲ್ಲಿ ಓಚ್ಚಮ್ಮಾಳ್ ಕೆಮ್ಮಿದಳು.

ಅವಳ ಮನೆಯಲ್ಲಿ ಬಾವನ ಕೆಮ್ಮಿಗೆ ಸೊಸೆಯೊಬ್ಬಳು ಮರುಕೆಮ್ಮು ಕೊಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಪಾಂಡೀಶ್ವರಿಯೂ ಕೇಳಿರಲಿಲ್ಲ. ಗಂಟಲಿನ ತುದಿಯಲ್ಲಿ, ಅರ್ಧ ಹೆದರಿಕೆಯಲ್ಲಿ, ಎದ್ದಿದ್ದೇನೆ, ಬನ್ನಿ ಎಂದು ಹೇಳಿದ ಸದ್ದು ಅದು. ಅರವತ್ತು ವರ್ಷದಲ್ಲಿ ಅವಳು ಅವರಿಗೆ ನೇರವಾಗಿ ಆಡಿದ ಮೊದಲ ಮಾತು. ಗೋಡೆಯಾಚೆ ಪೆರಿಯಣ್ಣನ್ ತಲೆಯೆತ್ತಿದರು. ಆಮೇಲೆ ತಿರುವು ದಾಟಿ ಬಂದರು, ಅವಳ ಮುಂದೆ ಒಂದು ಕ್ಷಣ ಹೆಜ್ಜೆ ನಿಧಾನ ಮಾಡಿ, ಪ್ಲಾಸ್ಟರು ಹಾಕಿದ ಕೈಯನ್ನು ಮಾತ್ರ ನೋಡಿ, ಮುಂದಕ್ಕೆ ನಡೆದರು.

ಆರು ಸುತ್ತು ಮುಗಿದವು. ಆರು ಸಲ ಕೆಮ್ಮು, ಆರು ಸಲ ಮರುಕೆಮ್ಮು. ಸಿಸ್ಟರ್ ಬೆಲ್ಟನ್ನು ಸುರುಳಿ ಸುತ್ತಿಕೊಂಡು ಎದ್ದು ಒಳಗೆ ಹೋದರು. ಪಾಂಡೀಶ್ವರಿ ಹಿಂದೆಯೇ ಹೋಗಿ ರಿಜಿಸ್ಟರ್ ತೆಗೆದಳು. ಹಳೆಯ ಎರಡು ಪುಟಗಳಲ್ಲೂ ಏನೂ ಆಗಲಿಲ್ಲ ಎಂಬುದನ್ನು ಹೊಡೆದುಹಾಕಿ, ಬೀಳುವ ಮೊದಲು ಏನಾಯಿತು ಎಂದು ಕೇಳುವ ಜಾಗದಲ್ಲಿ ಬರೆದಳು: ಬಾವ ಬಂದರು.